ದಾವಲಸಾಬರ ಬಿಳಿ ಗೆರೆ

ಹೊಳೆಯ ದಂಡೆಯ ಮೇಲೆ ದಾವಲಸಾಬರ ಗ್ಯಾರೇಜು. ಊರವರು ಅದನ್ನು ಮಠ ಅನ್ನುತ್ತಿದ್ದರು.

ಅನ್ನುವವರೇನೂ ಭಕ್ತಿಯಿಂದ ಅನ್ನುತ್ತಿರಲಿಲ್ಲ. ಅಲ್ಲಿಗೆ ಕೆಟ್ಟ ಗಾಡಿ ತಂದವರು ಮೊದಲು ಬೇವಿನ ಮರದ ಕೆಳಗೆ ಕೂತು ಚಹಾ ಕುಡಿಯಬೇಕು. ಗಾಡಿಗೆ ಏನಾಗಿದೆ ಎಂದು ಹೇಳಬೇಕು. ಹೇಳಿದ್ದನ್ನೇ ಇನ್ನೊಮ್ಮೆ ಹೇಳಬೇಕು. ಆಮೇಲೆ ಮುದುಕರು ಎದ್ದು ಬಾನೆಟ್ ಎತ್ತುವರು. ಅವಸರವಿದ್ದವರು ಬೈದುಕೊಂಡು ಬೇರೆ ಗ್ಯಾರೇಜಿಗೆ ಹೋಗುತ್ತಿದ್ದರು, ಸ್ವಲ್ಪ ದಿನಕ್ಕೆ ಮೋರೆ ಸಣ್ಣದು ಮಾಡಿಕೊಂಡು ಇಲ್ಲಿಗೇ ಬರುತ್ತಿದ್ದರು.

ದಾವಲಸಾಬರದು ಒಂದು ಪದ್ಧತಿ ಇತ್ತು. ತಾವು ಕೂರಿಸಿದ ನಟ್ಟು, ಸ್ಕ್ರೂಗಳ ಮೇಲೆ ಸಣ್ಣ ಕುಂಚದಿಂದ ಒಂದು ಬಿಳಿ ಗೆರೆ ಎಳೆಯುವರು. ಅರ್ಧ ಗೆರೆ ಸ್ಕ್ರೂವಿನ ಮೇಲೆ, ಇನ್ನರ್ಧ ಅದು ಕೂತ ಜಾಗದ ಮೇಲೆ. ಸ್ಕ್ರೂ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿಯುತ್ತದೆ. ಗೆರೆ ನೆಟ್ಟಗಿದ್ದರೆ ಅದನ್ನು ಯಾರೂ ಮುಟ್ಟಿಲ್ಲ ಎಂದು ಅರ್ಥ.

ಆ ಗೆರೆ ಕಂಡರೆ ಬೇರೆ ಊರಿನ ಮೆಕ್ಯಾನಿಕ್ಕುಗಳೂ ಪಾನಾ, ಸ್ಪ್ಯಾನರು ಕೆಳಗಿಡುತ್ತಿದ್ದರು.

ನಿರುಪಾದಿ ಅಲ್ಲಿ ಶಿಷ್ಯ. ಮದುವೆಯಾದವನು, ಕೆಲಸದಲ್ಲಿ ಚುರುಕು, ಮಾತು ಕಡಿಮೆ. ಒಂದು ದಿನ ಚಹಾದ ಹೊತ್ತಿಗೆ ಕೇಳಿದ.

"ಉಸ್ತಾದ್ರ, ನಮ್ಮ ಮನಿ ಪಿಕಪ್ ಇಲ್ಲಿಗೆ ತರ್ಲೇನ್ರಿ?"

"ಸತ್ತದ್ದೋ, ಬದುಕಿದ್ದೋ?"

"ಅಪ್ಪ ತೀರಿಕೊಂಡಾಗಿಂದ ನಿಂತೈತ್ರಿ. ರಾತ್ರಿ ಅದರಾಗ ಕೋಳಿ ಮಲಗ್ತಾವು."

"ಎಬ್ಬಿಸಬೇಕೇನು?"

"ಎಬ್ಬಿಸಿದ್ರ ಸಾಲೂದಿಲ್ರಿ. ಟರ್ಬೊ ಕೂಡಿಸ್ಬೇಕು."

ದಾವಲಸಾಬರು ನಕ್ಕರು. "ಕೋಲು ಹಿಡಿದ ಮುದುಕನ್ನ ಓಟಕ್ಕ ನಿಂದ್ರಸ್ತಿಯಲ್ಲೋ. ಯಾಕ?"

ನಿರುಪಾದಿ ನಗಲಿಲ್ಲ. ಚಹಾದ ಲೋಟ ಕೆಳಗಿಟ್ಟ.

"ನಮ್ಮೂರು ಗುಡ್ಡದ ಆಚಿ ತಗ್ಗಿನಾಗ ಐತಿ, ನಿಮಗ ಗೊತ್ತೈತಲ್ರಿ. ದವಾಖಾನಿಗೆ ಬರಬೇಕಂದ್ರ ಆ ಏರು ಹತ್ತಬೇಕು. ದೊಡ್ಡ ಗಾಡಿ ಅಲ್ಲಿ ತಿರುವಿನಾಗ ಹೊಳ್ಳೂದಿಲ್ಲ. ಊರಾಗ ಯಾರಿಗರ ಏನರ ಆದ್ರ ನಮ್ಮಪ್ಪನ ಪಿಕಪ್ಪ ಗತಿ ಆಗಿತ್ತು. ನನ್ನ ಹೇಣ್ತಿ ಹುಲಿಗೆವ್ವಗ ಮೊದಲನೇ ಹೆರಿಗಿ ಬ್ಯಾನಿ ಬಂದಾಗ ಅದರಾಗ ಹಾಕ್ಕೊಂಡು ಬಂದ್ವಿ. ಅಪ್ಪ ಹೊಡೀತಿದ್ದ. ನಡು ಏರಿನಾಗ ನೀರು ಕುದೀತು. ಬಂಡಿಕಲ್ಲಿನ ಹತ್ರ ನಿಂದ್ರಿಸಿಬಿಟ್ಟ."

"ಆಮ್ಯಾಲ?"

"ಎಂಜಿನ್ ತಣ್ಣಗ ಆಗೂತನಾ ಕುಂತ. ಗುಡ್ಡದ ನೆತ್ತಿ ಕಾಣ್ತಿತ್ರಿ, ಅಷ್ಟ ದೂರ. ಹೊಡದಿದ್ರ ಮುಟ್ತಿದ್ವಿ. ದವಾಖಾನಿಗೆ ಬಂದಾಗ ಹುಲಿಗೆವ್ವ ಉಳದಳು. ಕೂಸು ಉಳೀಲಿಲ್ಲ."

ಹೊಳೆಯಲ್ಲಿ ಯಾರೋ ಎಮ್ಮೆ ಮೈ ತೊಳೆಯುತ್ತಿದ್ದರು. ದಾವಲಸಾಬರು ಅತ್ತ ನೋಡುತ್ತ ಕೇಳಿದರು.

"ಯಾಕ ನಿಂದ್ರಿಸಿದ?"

"ಗಾಡಿ ಮ್ಯಾಲಿನ ಪ್ರೀತಿರೀ. ಎಂಜಿನ್ ಹೋಗತೈತಿ ಅಂತ ಹೆದರಿದ. ಸೊಸಿಗಿಂತ, ಮೊಮ್ಮಗುವಿಗಿಂತ ಗಾಡಿ ದೊಡ್ಡದಾತು. ಅವತ್ತಿಂದ ನಾ ಅಪ್ಪನ ಕೂಡ ಮಾತಾಡಲಿಲ್ಲ. ಮುಂದಿನ ವರ್ಷ ಅಂವ ಹೋದ."

"ಈಗ?"

"ಹುಲಿಗೆವ್ವಗ ಮತ್ತ ದಿನ ತುಂಬಾಕತ್ತಾವ್ರಿ."

ದಾವಲಸಾಬರು ಲೋಟದಲ್ಲಿ ಉಳಿದ ಚಹಾ ಚೆಲ್ಲಿ ಎದ್ದರು.

"ತಗೊಂಡು ಬಾ."

ಪಿಕಪ್ಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದರು. ನೀಲಿ ಬಣ್ಣ ಹಾರಿಹೋಗಿತ್ತು. ಸೀಟಿನಿಂದ ನಾರು ಹೊರಗೆ ಬಂದಿತ್ತು. ಸ್ಟೇರಿಂಗಿನ ಮೇಲೆ ಮಾತ್ರ, ಎರಡು ಕೈ ಹಿಡಿಯುವ ಕಡೆ, ಸವೆದು ನುಣುಪಾದ ಗುರುತಿತ್ತು. ನಿರುಪಾದಿ ಅಲ್ಲಿ ಕೈ ಇಡದೆ ಬೇರೆ ಕಡೆ ಹಿಡಿದು ಗಾಡಿ ಒಳಗೆ ತಿರುಗಿಸಿದ.

ಟರ್ಬೊ ಕೂಡಿಸುವ ಮಾತನ್ನು ಉಸ್ತಾದರು ಎತ್ತಲೇ ಇಲ್ಲ. ಎಂಜಿನ್ನಿನ ತಲೆ ಬಿಚ್ಚಿಸಿದರು.

"ರಿಂಗು ಸವದಾವು. ಬದಲು ಮಾಡು."

ಬದಲು ಮಾಡಿದ.

"ರೇಡಿಯೇಟರಿನಾಗ ಕೆಸರು ಕುಂತೈತಿ. ಬಿಚ್ಚಿ ತೊಳಿ."

ತೊಳೆದ.

"ಬ್ರೇಕು ನೋಡು."

"ಉಸ್ತಾದ್ರ, ನನಗ ಬೇಕಾಗಿದ್ದು ಏರು ಹತ್ತೂದು. ನೀವು ನಿಂದ್ರೂದು ಹೇಳಾಕತ್ತೀರಿ."

"ಹತ್ತಿದ್ದು ಇಳೀಬೇಕಲ್ಲ. ಬ್ರೇಕು ನೋಡು."

ನಿರುಪಾದಿ ಹಲ್ಲು ಕಚ್ಚಿ ಬ್ರೇಕು ಬಿಚ್ಚಿದ. ಮನೆಗೆ ಹೋದರೆ ಹುಲಿಗೆವ್ವನ ಹೊಟ್ಟೆ ನೋಡಲು ಹೆದರಿಕೆ, ಇಲ್ಲಿಗೆ ಬಂದರೆ ಬಿಚ್ಚಿಟ್ಟ ಎಂಜಿನ್ ನೋಡಲು ಹೆದರಿಕೆ. ಹುಲಿಗೆವ್ವ ಮಾತ್ರ ಅವನನ್ನೇ ಆಡಿಕೊಳ್ಳುತ್ತಿದ್ದಳು. "ಬ್ಯಾನಿ ಬರೂದು ನನಗೋ, ನಿಮಗೋ?" ಅನ್ನುತ್ತಿದ್ದಳು. ಅಮಾವಾಸ್ಯೆ ಕಳೆದ ಕೂಡಲೇ ಅವಳನ್ನು ದವಾಖಾನೆ ಇರುವ ಹೊಳೆದಂಡೆಯ ಊರಿಗೆ ಕರೆತಂದು ಇಡುವುದೆಂದು ಮಾತಾಗಿತ್ತು.

ಕಡೆಗೂ ಟರ್ಬೊ ಬಂತು. ಗುಜರಿಗೆ ಬಿದ್ದ ಬೇರೆ ಗಾಡಿಯದು. ನೋಡಲು ಬಸವನಹುಳದ ಚಿಪ್ಪಿನ ಹಾಗೆ, ಒಳಗೊಂದು ಚಕ್ರ. ಎಂಜಿನ್ನು ಉಗುಳುವ ಹೊಗೆಯೇ ಆ ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರವೇ ಎಂಜಿನ್ನಿಗೆ ಇನ್ನಷ್ಟು ಗಾಳಿ ತುಂಬುತ್ತದೆ. ಗುರು ಶಿಷ್ಯರಿಬ್ಬರೂ ಸೇರಿ ಅದನ್ನು ಕೂಡಿಸಿದರು. ಸ್ಟೇರಿಂಗಿನ ಪಕ್ಕಕ್ಕೆ ದಾವಲಸಾಬರು ಒಂದು ಮೀಟರನ್ನೂ ಹಾಕಿದರು.

"ಇದು ಏನ್ರಿ?"

"ಹೊರಗ ಹೋಗೋ ಹೊಗಿ ಎಷ್ಟು ಬಿಸಿ ಐತಿ ಅಂತ ಹೇಳತೈತಿ. ಮುಳ್ಳು ಕೆಂಪಿಗೆ ಹೋದ್ರ ಒಳಗ ಪಿಸ್ಟನ್ ಕರಗತೈತಿ."

ನಿರುಪಾದಿ ಗಾಡಿ ತೆಗೆದುಕೊಂಡು ಸೇತುವೆಯ ತನಕ ಹೋಗಿ ಬಂದ. ಕೋಳಿ ಮಲಗುತ್ತಿದ್ದ ಗಾಡಿ ಎತ್ತಿನ ಹಾಗೆ ಎಳೆಯಿತು. ಅವನ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಬಂತು. ಬೇವಿನ ಮರದ ಕೆಳಗೆ ನಿಲ್ಲಿಸಿ ಚಾವಿ ತಿರುಗಿಸಿ ಆರಿಸಿದ.

ದಾವಲಸಾಬರು ಕುಂಟುತ್ತ ಓಡಿ ಬಂದು ಕಿಟಕಿಯಿಂದ ಕೈ ಹಾಕಿ ಮತ್ತೆ ಚಾಲೂ ಮಾಡಿದರು.

"ಆರಿಸಬ್ಯಾಡ!"

"ಬಂದು ನಿಂತೈತಲ್ರಿ ಗಾಡಿ?"

"ಗಾಡಿ ನಿಂತೈತಿ. ಒಳಗಿನ ಚಕ್ರ ನಿಂತಿಲ್ಲ. ಎಂಜಿನ್ ಆರಿಸಿದ್ರ ಅದಕ್ಕ ಎಣ್ಣಿ ಹೋಗೂದು ನಿಲ್ಲತೈತಿ. ಬಿಸಿ ಆಗಿ ಬಂದದ್ದು, ಎಣ್ಣಿ ಇಲ್ಲದ ತಿರುಗಿದ್ರ ಸುಟ್ಟು ಹೋಗತೈತಿ. ಓಡಿ ಬಂದ ಮ್ಯಾಲ ಸ್ವಲ್ಪ ಹೊತ್ತು ಸುಮ್ನ ನಿಂತಲ್ಲೇ ಓಡ್ಲಿ. ಆಮ್ಯಾಲ ಆರಿಸು."

"ಅಲ್ಲೀತನಾ ನಾ ಏನ್ ಮಾಡ್ಲಿ?"

"ಕುಂದ್ರು. ಅದೂ ಕೆಲಸಾನ."

ಮರುದಿನ ಡೀಸೆಲ್ ಪಂಪಿನ ಕೆಲಸ. ಪಂಪಿನ ಮೈಮೇಲೆ ಒಂದು ಸ್ಕ್ರೂ ಇರುತ್ತದೆ. ಅದನ್ನು ಒಳಗೆ ತಿರುವಿದಷ್ಟೂ ಎಂಜಿನ್ನಿಗೆ ಡೀಸೆಲ್ ಹೆಚ್ಚು. ಡೀಸೆಲ್ ಹೆಚ್ಚಾದಷ್ಟೂ ಎಳೆತ ಹೆಚ್ಚು, ಬಿಸಿಯೂ ಹೆಚ್ಚು. ದಾವಲಸಾಬರು ಎಂಜಿನ್ನಿಗೆ ಕಿವಿ ಕೊಟ್ಟು, ಹೊಗೆಯ ಬಣ್ಣ ನೋಡಿ, ಸ್ಕ್ರೂ ಒಂದಿಷ್ಟು ತಿರುವಿ ಬಿಟ್ಟರು.

"ಇನ್ನೊಂಚೂರು ಬಿಡ್ರಿ ಉಸ್ತಾದ್ರ."

"ಸಾಕು."

"ಮಂದಿ ತುಂಬಿಕೊಂಡು ಏರು ಹತ್ತಬೇಕ್ರಿ."

"ಹತ್ತತೈತಿ. ಸಾವಕಾಶ ಹತ್ತತೈತಿ."

"ಸಾವಕಾಶಕ್ಕ ಒಂದು ಕೂಸು ಕೊಟ್ಟೀನ್ರಿ ನಾ."

ದಾವಲಸಾಬರು ಕೈ ಒರೆಸಿಕೊಂಡರು. ಡಬ್ಬಿಯಿಂದ ಕುಂಚ ತೆಗೆದು ಸ್ಕ್ರೂವಿನ ಮೇಲೆ ಬಿಳಿ ಗೆರೆ ಎಳೆದರು. ಟೋಪಿ ಹಾಕಿಕೊಂಡು ಮಧ್ಯಾಹ್ನದ ನಮಾಜಿಗೆ ಹೋದರು.

ನಿರುಪಾದಿ ಗೆರೆಯನ್ನು ನೋಡುತ್ತ ನಿಂತ.

ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ಇವನ ಬುದ್ಧಿ ಮಟ್ಟವಾಗಿರಲಿಲ್ಲ. ತಾನು ಏನು ಮಾಡುತ್ತಿದ್ದೇನೆ ಎಂಬುದು ಅವನಿಗೆ ಪೂರಾ ಗೊತ್ತಿತ್ತು, ಅದೇ ಅದರ ಕೆಟ್ಟತನ. ಸ್ಕ್ರೂಡ್ರೈವರ್ ತೆಗೆದುಕೊಂಡ. ಸ್ಕ್ರೂ ಒಳಗೆ ತಿರುವಿದ. ಗೆರೆ ಮುರಿಯಿತು. ಹಸಿ ಬಣ್ಣವನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದ. ಅದೇ ಡಬ್ಬಿಯ ಅದೇ ಕುಂಚದಿಂದ ಹೊಸ ಗೆರೆ ಎಳೆದ.

ಗೆರೆ ನೆಟ್ಟಗೆ ಬಂತು. ಎಳೆಯಲು ಕಲಿಸಿದವರು ಉಸ್ತಾದರೇ ಅಲ್ಲವೇ.

ಕುಂಚ ಡಬ್ಬಿಗೆ ಹಾಕುವಷ್ಟರಲ್ಲಿ ಫೋನು ಬಂತು. ಅವ್ವ.

"ಯಪ್ಪಾ, ಹುಲಿಗೆವ್ವಗ ಬ್ಯಾನಿ ಸುರು ಆಗ್ಯಾವು. ಅಮಾಸಿ ತನಕ ಕಾಯೂದಿಲ್ಲ ಇದು. ಸೂಲಗಿತ್ತಿ ನೋಡಿದಳು, ಕೂಸು ಅಡ್ಡ ಐತಿ, ದವಾಖಾನಿಗೇ ಒಯ್ಯಬೇಕು ಅಂದಳು. ಲಗೂನ ಬಾ."

ಅವನು ಚಾವಿ ತೆಗೆದುಕೊಂಡು ಗಾಡಿಯ ಕಡೆ ಓಡಿದ. ನಮಾಜು ಮುಗಿಸಿ ಬಾಗಿಲಿಗೆ ಬಂದ ದಾವಲಸಾಬರು ಅವನ ಮುಖ ನೋಡಿಯೇ ತಿಳಿದುಕೊಂಡರು.

"ನಾನೂ ಬರ್ತೀನಿ. ಹತ್ತು."

ಹತ್ತುವ ಮೊದಲು ಬಾನೆಟ್ ಎತ್ತಿದರು. ಎಣ್ಣೆ ನೋಡಿದರು, ನೀರು ನೋಡಿದರು. ಪಂಪಿನ ಮೇಲಿನ ಗೆರೆ ನೋಡಿದರು. ಗೆರೆ ನೆಟ್ಟಗಿತ್ತು. ಬಾನೆಟ್ ಮುಚ್ಚಿದರು.

ಖಾಲಿ ಗಾಡಿ ರಸ್ತೆ ಹಿಡಿದು ಹಾರಿತು. ದಾವಲಸಾಬರು ಪಕ್ಕದ ಕನ್ನಡಿಯಲ್ಲಿ ಹಿಂದಕ್ಕೆ ನೋಡುತ್ತಿದ್ದರು.

"ಹೊಗಿ ಬಾಳ ಬರಾಕತ್ತೈತಿ."

"ಹೊಸಾ ರಿಂಗು ಅಲ್ಲೇನ್ರಿ. ಇನ್ನೂ ಕೂಡಬೇಕು ಅವು."

"ರಿಂಗಿನ ಹೊಗಿ ನೀಲಿ. ಇದು ಕರೇದೈತಿ."

ನಿರುಪಾದಿ ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ.

"ಪಂಪ್ ಮುಟ್ಟಿಯೇನು?"

"ಇಲ್ರಿ."

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವರು ಕೇಳದಿದ್ದರೂ ಇನ್ನೊಂದು ಮಾತು ಸೇರಿಸಿದ. "ಗೆರಿ ನೀವ ನೋಡಿದ್ರಲ್ರಿ."

"ಹೌದು, ನೋಡಿದೆ," ಅಂದರು ದಾವಲಸಾಬರು. ಮತ್ತೆ ಕೇಳಲಿಲ್ಲ. ಮೀಟರಿನ ಮುಳ್ಳು ಕೆಳಗೇ ಇತ್ತು, ಖಾಲಿ ಗಾಡಿಗೆ ಗುಡ್ಡದ ಈ ಕಡೆಯ ಏರು ಲೆಕ್ಕವೇ ಅಲ್ಲ. ನೆತ್ತಿ ದಾಟಿ ಆಚೆಯ ಕಡಿದಾದ ಇಳಿಜಾರಿನಲ್ಲಿ ಹೊಸ ಬ್ರೇಕು ಹಿಡಿಯುತ್ತ ಇಳಿದರು.

ಮನೆಯ ಮುಂದೆ ಜನ ನಿಂತಿದ್ದರು. ಪಿಕಪ್ಪಿನ ಹಿಂದೆ ಹುಲ್ಲು ಹಾಸಿ, ಮೇಲೆ ಕೌದಿ ಹಾಸಿ ಹುಲಿಗೆವ್ವನನ್ನು ಮಲಗಿಸಿದರು. ಅವ್ವ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಹುಲಿಗೆವ್ವನ ಮುಖ ಬೆವತು ಬಿಳಿಚಿತ್ತು. ಆದರೂ ಗಂಡನನ್ನು ನೋಡಿ ಅಂದಳು, "ಎಬ್ಬಿಸಿದ್ರಲ್ಲ ಗಾಡಿ. ಈಗ ಮುಟ್ಟಿಸ್ರಿ."

ನಿರುಪಾದಿ ಸ್ಟೇರಿಂಗ್ ಹಿಡಿದ. ಈ ಸಲ ಕೈ ತಾನಾಗಿ ಹೋಗಿ ಸವೆದ ಜಾಗದಲ್ಲೇ ಕೂತಿತು.

ಏರು ಶುರುವಾಯಿತು.

ಮೊದಲ ತಿರುವನ್ನು ಗಾಡಿ ಸಲೀಸಾಗಿ ಎಳೆಯಿತು. ಎರಡನೆಯದನ್ನೂ ಎಳೆಯಿತು. ಟರ್ಬೊದ ಸಿಳ್ಳು ಕ್ಯಾಬಿನ್ನಿನ ಒಳಗೆ ಕೇಳಿಸುತ್ತಿತ್ತು. ಹಿಂದಿನಿಂದ ಹುಲಿಗೆವ್ವನ ನರಳಾಟ ಬಂದಾಗಲೆಲ್ಲ ಅವನ ಕಾಲು ತಾನೇ ಒತ್ತುತ್ತಿತ್ತು.

"ಮುಳ್ಳು ಏರಾಕತ್ತೈತಿ," ಅಂದರು ದಾವಲಸಾಬರು.

"ನೋಡೀನ್ರಿ."

"ಕಾಲು ಸಡಲ ಬಿಡು."

ಬಿಟ್ಟ. ಗಾಡಿ ಮುಗ್ಗರಿಸಿತು. ಹಿಂದೆ ಹುಲಿಗೆವ್ವ ಚೀರಿದಳು. ಮತ್ತೆ ಒತ್ತಿದ.

ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣದಷ್ಟು ಕರಿ ಹೊಗೆ.

"ಇಷ್ಟು ಭಾರಕ್ಕ ಇದು ಇಷ್ಟು ಬಿಸಿ ಆಗಬಾರದು," ಅಂದರು ದಾವಲಸಾಬರು. ತಮಗೆ ತಾವೇ ಹೇಳಿಕೊಂಡ ಹಾಗಿತ್ತು. "ನಾ ಇಟ್ಟದ್ದು ಕಡಿಮಿನ ಇಟ್ಟಿದ್ದೆ. ಎಲ್ಲಿ ತಪ್ಪಿದೆ ನಾ?"

ಆ ಮಾತು ನಿರುಪಾದಿಯ ಎದೆಗೆ ನಾಟಿತು. ಮುದುಕರು ತಮ್ಮ ಕೈಯನ್ನೇ ಅನುಮಾನಿಸುತ್ತಿದ್ದರು. ಶಿಷ್ಯನನ್ನಲ್ಲ.

ಮೂರನೆಯ ತಿರುವಿನಲ್ಲಿ ಅಪ್ಪ ಅಂದು ಗಾಡಿ ನಿಲ್ಲಿಸಿದ್ದ ಅದೇ ಬಂಡೆಕಲ್ಲು ಕಂಡಿತು. ಅದರ ಮೇಲುಗಡೆ ಗುಡ್ಡದ ನೆತ್ತಿ. ಅಷ್ಟೇ ದೂರ. ಬೀಡಿ ಹಚ್ಚಿ ಮುಗಿಸುವಷ್ಟು ಹೊತ್ತಿನ ದಾರಿ. ಮುಳ್ಳು ಕೆಂಪಿನ ಅಂಚಿಗೆ ಬಂದಿತ್ತು.

ಒತ್ತಿ ಹಿಡಿದರೆ ಮುಟ್ಟಬಹುದು. ಮುಟ್ಟದೆಯೂ ಹೋಗಬಹುದು. ಪಿಸ್ಟನ್ ಕರಗಿದರೆ ಗಾಡಿ ಇಲ್ಲಿಯೇ ಸತ್ತು ನಿಲ್ಲುತ್ತದೆ, ಆಮೇಲೆ ಯಾವ ದೇವರು ಬಂದರೂ ಅದು ಏಳುವುದಿಲ್ಲ. ಹೊತ್ತು ಇಳಿಯುತ್ತಿತ್ತು, ಹಿಂದೆ ಮುಂದೆ ಬೇರೆ ಗಾಡಿ ಇರಲಿಲ್ಲ. ಅಡ್ಡ ಮಲಗಿದ ಕೂಸು, ಕೌದಿಯ ಮೇಲಿನ ಹೆಂಡತಿ. ಕ್ಯಾಬಿನ್ನಿನಲ್ಲಿ ಇದ್ದವರು ಇಬ್ಬರು, ಮುಳ್ಳು ಯಾಕೆ ಏರುತ್ತಿದೆ ಎಂಬುದು ಒಬ್ಬನಿಗೇ ಗೊತ್ತು.

"ನಿರುಪಾದಿ," ಅಂದರು ದಾವಲಸಾಬರು. ಅಷ್ಟೇ ಅಂದರು.

ಅವನು ಕಾಲು ತೆಗೆದ. ಬಂಡೆಕಲ್ಲಿನ ಪಕ್ಕಕ್ಕೆ ಗಾಡಿ ಸರಿಸಿ ನಿಲ್ಲಿಸಿದ. ಹ್ಯಾಂಡ್ ಬ್ರೇಕ್ ಎಳೆದ. ಗಾಬರಿಯಲ್ಲಿ ಕೈ ಚಾವಿಗೆ ಹೋಯಿತು.

ದಾವಲಸಾಬರು ಆ ಕೈಯನ್ನು ಗಟ್ಟಿಯಾಗಿ ಹಿಡಿದರು. "ಆರಿಸಬ್ಯಾಡ. ಓಡ್ಲಿ."

ಹಿಂದಿನಿಂದ ಹುಲಿಗೆವ್ವ ಕೂಗಿದಳು.

"ಯಾಕ ನಿಂದ್ರಿಸಿದ್ರೀ?"

ನಿರುಪಾದಿ ಕ್ಯಾಬಿನ್ನಿನ ಹಿಂದಿನ ಕಿಂಡಿಯಿಂದ ಅವಳ ಕಡೆ ನೋಡಿದ. ಬಾಯಿ ತೆರೆದ. ಮಾತು ಹೊರಡಲಿಲ್ಲ.

"ಯಾಕ ನಿಂದ್ರಿಸಿದ್ರೀ! ಮತ್ತ ಇಲ್ಲೇ ಯಾಕ ನಿಂದ್ರಿಸಿದ್ರಿ!"

ಅವ್ವ ಬಂಡೆಕಲ್ಲಿನ ಕಡೆ ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡು ಸೊಸೆಯ ಮೇಲೆ ಬಗ್ಗಿದಳು.

ದಾವಲಸಾಬರು ಆಗಲೇ ಕೆಳಗಿಳಿದು ಹಿಂದಿನ ಗಾಲಿಗಳಿಗೆ ಕಲ್ಲು ಕೊಡುತ್ತಿದ್ದರು. ನಿರುಪಾದಿ ಹೋಗಿ ಅವರ ಎದುರಿಗೆ ನಿಂತ.

"ಉಸ್ತಾದ್ರ, ಆ ಗೆರಿ ನಿಮ್ದಲ್ಲ."

ಮುದುಕರು ಬಗ್ಗಿದವರು ಹಾಗೆಯೇ ತಲೆ ಎತ್ತಿದರು.

"ನಂದು. ನೀವು ನಮಾಜಿಗೆ ಹೋದಾಗ ಸ್ಕ್ರೂ ತಿರುವಿ ನಾನ ಎಳದೀನಿ."

ಅವನು ಏಟು ಬೀಳುತ್ತದೆ ಎಂದುಕೊಂಡಿದ್ದ. ಬಿದ್ದಿದ್ದರೆ ಹಗುರಾಗುತ್ತಿತ್ತು. ದಾವಲಸಾಬರು ಅವನನ್ನು ಒಂದು ಗಳಿಗೆ ನೋಡಿದರು, ಅಷ್ಟೇ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಅವನ ಕೈಗೆ ಕೊಟ್ಟರು.

"ತಿರುವಿದಾಂವ ನೀನು. ಹೊಳ್ಳಿಸಾಂವನೂ ನೀನ."

"ಎಷ್ಟು ಹೊಳ್ಳಿಸ್ಲಿರಿ?"

"ನಿನಗ ಗೊತ್ತೈತಿ. ನನಗ ಗೊತ್ತಿಲ್ಲ."

ಬಾನೆಟ್ ಎತ್ತಿದ. ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಟರ್ಬೊ ಕೆಂಪಗೆ ಕಾದಿತ್ತು, ಎಂಜಿನ್ನು ಓಡುತ್ತಲೇ ಇತ್ತು. ಪಂಪನ್ನು ಮುಟ್ಟಬೇಕಾದರೆ ಟರ್ಬೊದ ಪಕ್ಕದಲ್ಲೇ ಕೈ ಇಳಿಸಬೇಕು. ಇಳಿಸಿದ. ಮುಂಗೈ ಕಬ್ಬಿಣಕ್ಕೆ ತಾಗಿ ಚರ್ಮ ಚುರ್ ಅಂದಿತು. ಕೈ ಹಿಂದಕ್ಕೆ ಎಳೆದುಕೊಂಡರೆ ಮತ್ತೆ ಇಳಿಸುವ ಧೈರ್ಯ ಬರುವುದಿಲ್ಲವೆಂದು ಅವನಿಗೆ ತಿಳಿದಿತ್ತು. ಎಳೆದುಕೊಳ್ಳಲಿಲ್ಲ. ಮಾಡಿದ್ದುಣ್ಣೋ ಮಹರಾಯ. ಸ್ಕ್ರೂ ತಿರುವಿದ, ತಾನು ಒಳಗೆ ಕೊಟ್ಟಷ್ಟನ್ನೂ ಹೊರಗೆ ತೆಗೆದ.

ಎಂಜಿನ್ನಿನ ದನಿ ಮೆತ್ತಗಾಯಿತು.

"ಈಗ ಹೋಗೂಣೇನ್ರಿ?"

ದಾವಲಸಾಬರು ಕಿಟಕಿಯಿಂದ ಮುಳ್ಳು ನೋಡುತ್ತಿದ್ದರು. "ಇನ್ನೂ ಇಲ್ಲ."

ಹುಲಿಗೆವ್ವನ ಕೂಗು ಈಗ ಮಾತಾಗಿರಲಿಲ್ಲ. ಬರೇ ದನಿಯಾಗಿತ್ತು. ನಿರುಪಾದಿ ಕಿವಿ ಮುಚ್ಚಿಕೊಳ್ಳಲಿಲ್ಲ. ಸ್ಟೇರಿಂಗಿನ ಮುಂದೆ ಕೂತ. ಹೊರಟುಬಿಡಬೇಕು ಎಂದು ಮೈಯೆಲ್ಲ ತುಡಿಯುತ್ತಿತ್ತು. ಮುಳ್ಳು ಇಳಿಯುತ್ತಿತ್ತೋ ಇಲ್ಲವೋ ತಿಳಿಯದಷ್ಟು ನಿಧಾನವಾಗಿ ಇಳಿಯುತ್ತಿತ್ತು.

"ಈಗ?"

"ಇನ್ನೂ ಇಲ್ಲ."

"ಉಸ್ತಾದ್ರ, ಆಕಿ ಸಾಯ್ತಾಳ್ರಿ."

"ಈಗ ಹೊಂಟ್ರ ನೆತ್ತಿ ಮುಟ್ಟೂದಿಲ್ಲ. ಕುಂದ್ರು."

ಅವನು ಕೂತ. ತನ್ನ ಜೀವಮಾನದಲ್ಲಿ ಮಾಡಿದ ಕೆಲಸಗಳಲ್ಲಿ ಎಲ್ಲಕ್ಕಿಂತ ಕಷ್ಟದ್ದು ಅದೇ ಎಂದು ಅವನು ಆಮೇಲೆ ಹೇಳುತ್ತಿದ್ದ. ಹಿಂದೆ ಅವ್ವ ಸೊಸೆಯ ಕಿವಿಯಲ್ಲಿ ಏನೋ ಹೇಳುತ್ತಿದ್ದಳು, ಬಿಡದೆ ಹೇಳುತ್ತಿದ್ದಳು.

ದಾವಲಸಾಬರು ಕಲ್ಲು ತೆಗೆದು ಒಳಗೆ ಬಂದು ಕೂತರು.

"ನಡಿ. ಮೊದಲನೇ ಗೇರಿನಾಗ ಹಿಡಿ, ಬದಲು ಮಾಡಬ್ಯಾಡ."

ಗಾಡಿ ಸಾವಕಾಶ ಹೊರಟಿತು. ಸಿಳ್ಳು ಕಡಿಮೆಯಾಗಿತ್ತು, ಕನ್ನಡಿಯಲ್ಲಿ ರಸ್ತೆ ಕಾಣುತ್ತಿತ್ತು. ಮುಳ್ಳು ಏರಿತು, ಕೆಂಪಿನ ಕೆಳಗೇ ನಿಂತಿತು. ನೆತ್ತಿ ಬಂತು. ಆಚೆಗೆ ಹೊಳೆ ಬೆಳ್ಳಗೆ ಕಂಡಿತು.

ದವಾಖಾನೆಯ ಬಾಗಿಲಿಗೆ ಗಾಡಿ ನಿಂತ ಕೂಡಲೇ ನಿರುಪಾದಿ ಹಾರಿ ಹೆಂಡತಿಯನ್ನು ಎತ್ತಿಕೊಂಡು ಒಳಗೆ ಓಡಿದ. ದಾವಲಸಾಬರು ಅವನ ಸೀಟಿಗೆ ಸರಿದು ಕೂತರು. ಎಂಜಿನ್ನು ಸ್ವಲ್ಪ ಹೊತ್ತು ನಿಂತಲ್ಲೇ ಓಡಿತು. ಆಮೇಲೆ ಅವರು ಚಾವಿ ತಿರುಗಿಸಿದರು.

ಡಾಕ್ಟರಮ್ಮ ಬಂದರು, ಆಪರೇಷನ್ ಮಾಡಬೇಕು ಅಂದರು, ಒಳಗೆ ಹೋದರು. ಬಾಗಿಲು ಮುಚ್ಚಿತು. ಅವ್ವ ಗೋಡೆಗೆ ಒರಗಿ ಕೂತು ಕಣ್ಣು ಮುಚ್ಚಿಕೊಂಡಳು.

ಹೊತ್ತು ಮುಳುಗಿ ದೀಪ ಹಚ್ಚಿದರು. ಬಾಗಿಲು ತೆರೆಯಿತು.

"ಹೆಣ್ಣು ಮಗು," ಅಂದಳು ನರ್ಸು. "ತಾಯಿ ಮಗು ಇಬ್ಬರೂ ಆರಾಮ ಅದಾರ. ಇನ್ನೊಂದಿಷ್ಟು ತಡಾ ಆಗಿದ್ರ ಕಷ್ಟ ಇತ್ತು."

ಅವ್ವ ಮೊಮ್ಮಗಳನ್ನು ನೋಡಲು ಒಳಗೆ ಹೋದಳು. ನಿರುಪಾದಿ ಹೊರಗೆ ಬಂದು ದವಾಖಾನೆಯ ಮೆಟ್ಟಿಲ ಮೇಲೆ ಕೂತ. ಕೂತವನು ಅತ್ತ. ಗಂಡಸು ಅಳಬಾರದು ಅನ್ನುವವರು ಆ ಮೆಟ್ಟಿಲ ಮೇಲೆ ಒಮ್ಮೆ ಕೂತು ನೋಡಲಿ.

ದಾವಲಸಾಬರು ಎದುರಿನ ಅಂಗಡಿಯಿಂದ ಚಹಾ ತಂದು ಅವನ ಪಕ್ಕದಲ್ಲಿಟ್ಟರು. ಅವನ ಸುಟ್ಟ ಕೈ ಹಿಡಿದು ದೀಪದ ಬೆಳಕಿಗೆ ತಿರುಗಿಸಿ ನೋಡಿದರು.

"ಮುಲಾಮು ಹಚ್ಚಿಸ್ಕೋ ಒಳಗ."

"ಉಸ್ತಾದ್ರ, ನಿಮಗ ಸುಳ್ಳು ಹೇಳಿದ್ನಿ. ನಿಮ್ಮ ಗೆರಿ ಕೆಡಿಸಿದ್ನಿ. ನಾಳಿಂದ ಬರಬ್ಯಾಡ ಅಂದ್ರ ಬರೂದಿಲ್ರಿ."

"ನಾಳಿ ಯಾಕ ಬರ್ತಿ? ಮಗಳು ಹುಟ್ಯಾಳ. ನಾಡಿದ್ದು ಬಾ. ಆ ಸ್ಕ್ರೂ ನೋಡಬೇಕು."

ನಿರುಪಾದಿ ಚಹಾ ಮುಟ್ಟಲಿಲ್ಲ. ಎದುರಿಗೆ ನಿಂತ ಪಿಕಪ್ಪನ್ನೇ ನೋಡುತ್ತಿದ್ದ.

"ಅವತ್ತ ಅಪ್ಪ ಅಲ್ಲೇ ನಿಂದ್ರಿಸಿದಾಗ ನಾ ಹಿಂದ ಹುಲಿಗೆವ್ವನ ಹಿಡ್ಕೊಂಡು ಕುಂತಿದ್ನಿರಿ. ಯಾಕ ನಿಂದ್ರಿಸಿದಿ ಅಂತ ಕೂಗಿದ್ನಿ. ಮತ್ತ ಮತ್ತ ಕೂಗಿದ್ನಿ. ಅಂವ ತಿರುಗಿ ನನ್ನ ನೋಡಿದ, ಬಾಯಿ ಬಿಡಲಿಲ್ಲ. ಸಾಯೂತನಾ ಒಂದು ಮಾತು ಹೇಳಲಿಲ್ಲ. ಹೇಳಾಕ ಏನೂ ಇರಲಿಲ್ಲ, ಅದಕ್ಕ ಸುಮ್ನಿದ್ದ ಅಂತ ಇಷ್ಟು ದಿನ ನಂಬಿದ್ನಿ."

ದಾವಲಸಾಬರು ತಮ್ಮ ಚಹಾ ಮುಗಿಸಿದರು.

"ಇವತ್ತ ಹುಲಿಗೆವ್ವ ನಿನ್ನ ಕೇಳಿದಳಲ್ಲ. ನೀ ಏನಂತ ಹೇಳಿದಿ?"